ಏಡಿ ಬಿಲಕ್ಕೊಂದು ಸ್ಪೆಕ್ಟ್ರೋಮೀಟರ್: ಕಾಳಿ ದಂಡೆಯಲ್ಲಿ ಬಿ.ಎಸ್ಸಿ ಪ್ರಾಜೆಕ್ಟ್ ಮಾಡುವ ಬಗೆ

ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಹುಡುಗರು ಝೂವಾಲಜಿ ಲ್ಯಾಬಿನ ಹೊಸ್ತಿಲು ತುಳಿಯುವುದಿಲ್ಲ. ಸಿಬಿಝೆಡ್‌ನವರು (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ ಓದುವವರು) ಫಿಸಿಕ್ಸ್ ಡಾರ್ಕ್ ರೂಮಿನ ಕಡೆ ತಲೆ ಹಾಕುವುದಿಲ್ಲ. ಪ್ರಾಜೆಕ್ಟ್ ಕೊಡಬೇಕಾದ ಸೆಮಿಸ್ಟರ್ ಬಂದಾಗ ಮೊದಲಿನವರು ಸೋಲಾರ್ ಸೆಲ್ ಬಗ್ಗೆ ಎಲ್ಲಿಂದಲೋ ಇಳಿಸಿಕೊಂಡ ಪುಟಗಳನ್ನು ಬೈಂಡ್ ಮಾಡಿಸುತ್ತಾರೆ, ಎರಡನೆಯವರು ಗಿಡ-ಹಕ್ಕಿಗಳ ಫೋಟೊ ಅಂಟಿಸಿ ‘ಜೀವವೈವಿಧ್ಯ’ ಎಂದು ಹೆಸರಿಡುತ್ತಾರೆ. ಎರಡರಲ್ಲೂ ಅಳತೆ ಎಂಬುದಿಲ್ಲ. ಕಾಲೇಜಿನಿಂದ ಟೆಂಪೊ ಹತ್ತಿದರೆ ಕಾಳಿ ಹೊಳೆ, ಕಡಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮೂರೂ ಸಿಗುವ ಕಾರವಾರದಂಥ ಊರಿನಲ್ಲಿ ಇದ್ದುಕೊಂಡು ಹೀಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎರಡೂ ಕಡೆಯವರು ಸೇರಿ ಮಾಡಬಹುದಾದ ಒಂದು ಪ್ರಾಜೆಕ್ಟ್. ಪಿಸಿಎಂ ಒಬ್ಬರು, ಸಿಬಿಝೆಡ್ ಒಬ್ಬರು, ಸಾಧ್ಯವಾದರೆ ಇನ್ನಿಬ್ಬರು. ದುಬಾರಿ ಉಪಕರಣ ಬೇಡ, ದೋಣಿಯೂ ಬೇಡ. ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ಈಗಾಗಲೇ ಮಾಡಿರುವ ಮೂರು ಪ್ರಯೋಗಗಳನ್ನೇ ಕೆಸರಿಗೆ ಇಳಿಸುವುದು.

ಪ್ರಶ್ನೆ ಮೊದಲು

‘ಕಾಳಿ ಅಳಿವೆಯ ಅಧ್ಯಯನ’ ಎಂಬುದು ಪ್ರಶ್ನೆಯಲ್ಲ, ಬರೀ ತಲೆಬರಹ (ಅಳಿವೆ ಎಂದರೆ ಹೊಳೆ ಕಡಲು ಸೇರುವ ಜಾಗ). ಪ್ರಶ್ನೆ ಎಂದರೆ ಹೀಗಿರಬೇಕು: ಕೋಡಿಬಾಗದಿಂದ ಹೊಳೆಯಲ್ಲಿ ಒಳಕ್ಕೆ ಹೋದಂತೆ ದಂಡೆಯ ಏಡಿ ಬಿಲಗಳ ಸಂಖ್ಯೆ ಬದಲಾಗುತ್ತದೆಯೆ? ಬದಲಾದರೆ ಅದು ನೀರಿನ ಉಪ್ಪಿನ ಜೊತೆ ಹೋಗುತ್ತದೋ, ಕೆಸರಿನ ಗುಣದ ಜೊತೆ ಹೋಗುತ್ತದೋ?

ಎರಡನೆಯ ಅರ್ಧವೇ ಮುಖ್ಯ. ಕಡಲಿನಿಂದ ದೂರ ಸರಿದಂತೆ ಉಪ್ಪೂ ಕಡಿಮೆಯಾಗುತ್ತದೆ, ಮರಳು-ಕೆಸರಿನ ಪ್ರಮಾಣವೂ ಬದಲಾಗುತ್ತದೆ. ಎರಡೂ ಒಟ್ಟಿಗೇ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳುವುದು ಹೇಗೆ? ಇದಕ್ಕೆ ಉಪಾಯ ಸುಲಭ. ಪ್ರತಿ ಜಾಗದಲ್ಲೂ ಹತ್ತಿರ ಹತ್ತಿರವೇ ಎರಡು ತುಂಡು ನೆಲ ಆರಿಸಿ; ಒಂದು ಕಾಲು ಹೂತುಹೋಗುವ ಕೆಸರು, ಇನ್ನೊಂದು ಸ್ವಲ್ಪ ಮರಳು ಮಿಶ್ರಿತ. ಅಲ್ಲಿ ಉಪ್ಪು ಹೆಚ್ಚುಕಡಿಮೆ ಒಂದೇ, ನೆಲ ಮಾತ್ರ ಬೇರೆ. ಮೂರು ಜಾಗ, ಜಾಗಕ್ಕೆರಡು ತುಂಡು, ತುಂಡಿಗೆ ಐದು ಕ್ವಾಡ್ರಟ್ (ಎಣಿಸಲು ನೆಲದ ಮೇಲಿಡುವ ಚೌಕ): ಒಟ್ಟು 30. ಇದಕ್ಕಿಂತ ಕಡಿಮೆ ಮಾಡಬೇಡಿ. ಇದಕ್ಕಿಂತ ಹೆಚ್ಚು ಮಾಡಲು ಹೋದರೆ ಇಂಟರ್ನಲ್ ಪರೀಕ್ಷೆ ಅಡ್ಡ ಬರುತ್ತದೆ.

ಉಷ್ಣತೆ, ಪಿಎಚ್, ಆಮ್ಲಜನಕ, ಸೆಕ್ಕಿ ಡಿಸ್ಕ್ (ನೀರು ಎಷ್ಟು ತಿಳಿ ಎಂದು ಅಳೆಯುವ ಬಿಲ್ಲೆ) ಎಲ್ಲವನ್ನೂ ಸೇರಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಉಷ್ಣತೆ ಬರೆದುಕೊಳ್ಳಿ, ಉಳಿದದ್ದು ಬಿಡಿ. ಕೋಷ್ಟಕದ ಕಾಲಂ ಜಾಸ್ತಿಯಾದಷ್ಟೂ ಪ್ರಶ್ನೆ ತೆಳ್ಳಗಾಗುತ್ತದೆ.

ಹಂತ 1: ಜಾಗ ಮತ್ತು ಅನುಮತಿ

ಕೋಡಿಬಾಗ, ಸುಂಕೇರಿ, ಕಡವಾಡ, ಕಿನ್ನರ ಹೀಗೆ ದಂಡೆ ಹಿಡಿದು ಒಳಕ್ಕೆ ಹೋಗಿ, ನಡೆದು ಇಳಿಯಬಹುದಾದ ಮೂರು ಜಾಗ ನೋಡಿಕೊಳ್ಳಿ. ಮೊದಲ ಭೇಟಿಯಲ್ಲಿ ಏನೂ ಅಳೆಯಬೇಡಿ. ಏಡಿ ಎಲ್ಲೆಲ್ಲಿದೆ, ಕೆಸರು ಎಷ್ಟು ಆಳ, ಇಳಿತ ಮುಗಿದು ನೀರು ಏರತೊಡಗಿದರೆ ಹಿಂದೆ ಬರುವ ದಾರಿ ಯಾವುದು, ಇಷ್ಟು ನೋಡಿದರೆ ಸಾಕು.

ಕಾಂಡ್ಲಾ ಕಾಡಿರುವ ದಂಡೆಗೆ ಕರಾವಳಿ ನಿಯಂತ್ರಣ ವಲಯದ ಅತಿ ಕಟ್ಟುನಿಟ್ಟಿನ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಪ್ರಾಚಾರ್ಯರ ಸಹಿಯ ಪತ್ರ ಹಿಡಿದು ಅರಣ್ಯ ಇಲಾಖೆಗೆ ಮೊದಲೇ ಹೋಗಿ. ಎಣಿಸುತ್ತೇವೆ, ಒಂದಿಷ್ಟು ನೀರು ಮತ್ತು ಒಂದು ಮುಷ್ಟಿ ಕೆಸರು ಒಯ್ಯುತ್ತೇವೆ, ಪ್ರಾಣಿ ಹಿಡಿಯುವುದಿಲ್ಲ, ಗಿಡ ಕಡಿಯುವುದಿಲ್ಲ ಎಂದು ಪತ್ರದಲ್ಲೇ ಬರೆಯಿರಿ. ಪಕ್ಕದಲ್ಲಿ ಯಾರದ್ದಾದರೂ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇದ್ದರೆ, ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರು ಇದ್ದರೆ ಅವರನ್ನೂ ಒಂದು ಮಾತು ಕೇಳಿ. ಯಾವ ಹೊತ್ತಿಗೆ ಎಲ್ಲಿಯವರೆಗೆ ಉಪ್ಪು ನೀರು ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಿಮ್ಮ ಗೈಡ್‌ಗೆ ಗೊತ್ತಿರುವುದಿಲ್ಲ.

ಕುಮಟಾದವರು ಅಘನಾಶಿನಿಯಲ್ಲಿ, ಹೊನ್ನಾವರದವರು ಶರಾವತಿಯಲ್ಲಿ ಇದನ್ನೇ ಮಾಡಬಹುದು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ. ಆ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಕದ್ರಾದಿಂದ ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಬರುವುದರಿಂದ ಇವತ್ತಿನ ಉಪ್ಪು ನಾಳೆಗೂ ಅಷ್ಟೇ ಇರುತ್ತದೆ ಎಂದು ಹೇಳಲಾಗದು. ಹಾಗಾಗಿ ಪ್ರತಿ ಸ್ಯಾಂಪಲ್ಲಿಗೂ ತಾರೀಖಿನ ಜೊತೆ ಗಂಟೆ-ನಿಮಿಷ ಬರೆಯುವುದು ಕಡ್ಡಾಯ.

ಹಂತ 2: ಇಳಿತ ನೋಡಿ ದಿನ ಹಿಡಿಯುವುದು

ಎರಡು ಭರತಗಳ (ಉಬ್ಬರಗಳ) ನಡುವೆ ಸುಮಾರು 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಇಳಿತ ಮಂದ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕರಾವಳಿಯಲ್ಲಿ ಹುಣ್ಣಿಮೆಯ ದಿನದ ದೊಡ್ಡ ಇಳಿತ ನಸುಕಿನ ಆಚೀಚೆ ಮತ್ತು ಮುಸ್ಸಂಜೆಯ ಆಚೀಚೆ ಬೀಳುತ್ತದೆ. ಏಡಿಗಳನ್ನು ನೋಡಲು ಬೆಳಕು ಬೇಕು, ನೆಲವೂ ತೆರೆದಿರಬೇಕು. ಅದಕ್ಕೆ ಸಂಕಷ್ಟಿ ಚೌತಿಯ ಅಕ್ಕಪಕ್ಕದ ದಿನಗಳು ಅನುಕೂಲ. ಅಷ್ಟೊತ್ತಿಗೆ ಇಳಿತ ಬೆಳಗಿನ ಎಂಟು-ಒಂಬತ್ತರ ಕಡೆ ಸರಿದಿರುತ್ತದೆ, ನೀರೂ ಸಾಕಷ್ಟು ಇಳಿಯುತ್ತದೆ. ಪಂಚಾಂಗದಿಂದ ಅಂದಾಜು ಮಾಡಿ, ಇನ್‌ಕಾಯಿಸ್ (ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ) ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯಲ್ಲಿ ಕಾರವಾರದ ಗಂಟೆ ನೋಡಿ ಖಚಿತ ಮಾಡಿಕೊಳ್ಳಿ. ಹೊಳೆಯ ಒಳಗೆ ಹೋದಂತೆ ಇಳಿತ ಸ್ವಲ್ಪ ತಡವಾಗುತ್ತದೆ ಎಂಬುದೂ ನೆನಪಿರಲಿ.

ದಿನಕ್ಕೊಂದು ಜಾಗ, ಸಾಲಾಗಿ ಮೂರು ದಿನ. ಇಳಿತದ ತುದಿಗೆ ಅರ್ಧ ಗಂಟೆ ಮೊದಲೇ ಕೆಸರಿನಲ್ಲಿರಬೇಕು. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೊಳೆಯೆಲ್ಲ ಸಿಹಿನೀರೇ ಆಗುವುದರಿಂದ ಅಳೆಯಲು ಉಪ್ಪೇ ಇರುವುದಿಲ್ಲ.

ಚಪ್ಪಲಿ ಹಾಕಿಕೊಂಡು ಹೋದವರು ಒಂದು ಚಪ್ಪಲಿಯಲ್ಲಿ ವಾಪಸ್ ಬರುತ್ತಾರೆ. ಲೇಸ್ ಬಿಗಿಯಾಗಿ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ಸಾಕು. ಬೇರುಗಳಿಗೆ ಅಂಟಿಕೊಂಡ ಕಡಲಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ. ಎಕ್ಸೋಕೇರಿಯಾ ಅಗಲ್ಲೋಚಾ ಎಂಬ ಗಿಡದ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗುರುತು ಸಿಗದ ಗಿಡದ ಎಲೆ ಮುರಿಯಬೇಡಿ.

ಹಂತ 3: ಬಿಲ ಎಣಿಸುವುದು

ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು ಮತ್ತು ನಾಲ್ಕು ಎಲ್ಬೋ ಕೊಂಡು ಒಳ ಅಳತೆ 50 ಸೆಂ.ಮೀ ಬರುವಂತೆ ಚೌಕ ಕಟ್ಟಿ. ಅದೇ ಕ್ವಾಡ್ರಟ್. ಇದನ್ನು ಹಿಂದೆ ತಿರುಗಿ ಎಸೆದು ‘ರ‍್ಯಾಂಡಮ್’ ಎಂದು ಬರೆಯುವ ಪದ್ಧತಿ ಇದೆ. ಎಸೆಯುವ ಕೈ ಬಿಲ ಜಾಸ್ತಿ ಕಂಡ ಕಡೆಗೇ ಹೋಗುತ್ತದೆ. ನೀರಿನ ಅಂಚಿಗೆ ಸಮಾನಾಂತರವಾಗಿ 20 ಮೀಟರ್ ಹಗ್ಗ ಹಾಸಿ, ಮನೆಯಲ್ಲೇ ಕ್ಯಾಲ್ಕ್ಯುಲೇಟರಿನಿಂದ ತೆಗೆದುಕೊಂಡು ಬಂದ ಐದು ರ‍್ಯಾಂಡಮ್ ಸಂಖ್ಯೆಗಳ ಮೀಟರಿನಲ್ಲಿ ಚೌಕ ಇಡಿ. ಅಲ್ಲಿ ಬಿಲವೇ ಇಲ್ಲದಿದ್ದರೆ ಸೊನ್ನೆ ಬರೆಯಿರಿ. ಸೊನ್ನೆಯೂ ಅಂಕಿಯೇ.

ಮೊದಲು ದೂರ ನಿಂತು ಹತ್ತು ಹದಿನೈದು ನಿಮಿಷ ಅಲುಗಾಡದೆ ನೋಡಿ. ಹೆಜ್ಜೆ ಸಪ್ಪಳಕ್ಕೆ ಒಳಗೆ ಹೋದವು ಒಂದೊಂದಾಗಿ ಹೊರಗೆ ಬರುತ್ತವೆ. ಒಂದು ಕೈ ಮಾತ್ರ ದೊಡ್ಡದಾಗಿ, ಅದನ್ನೇ ಮೇಲೆತ್ತಿ ಬೀಸುವವು ಫಿಡ್ಲರ್ ಏಡಿಯ ಗಂಡುಗಳು. ಹೆಣ್ಣಿಗೆ ಎರಡೂ ಕೈ ಚಿಕ್ಕವೇ. ಚಿಕ್ಕ ಕೈಯಿಂದ ಕೆಸರನ್ನು ಬಾಯಿಗೆ ಒಯ್ದು, ಅದರಲ್ಲಿನ ಪಾಚಿ-ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು, ಉಳಿದ ಮಣ್ಣನ್ನು ಸಣ್ಣ ಗುಂಡು ಮಾಡಿ ಕೆಳಗೆ ಬಿಡುತ್ತವೆ. ಬಿಲದ ಸುತ್ತ ಚೆಲ್ಲಿರುವ ಆ ಗುಂಡುಗಳನ್ನು ನೋಡಿದರೆ ನಮ್ಮ ಪ್ರಶ್ನೆಯಲ್ಲಿ ಕೆಸರು ಯಾಕೆ ಬಂತು ಎಂಬುದು ತಿಳಿಯುತ್ತದೆ. ನೆಲವೇ ಅದರ ಊಟದ ತಟ್ಟೆ, ಕಣದ ಗಾತ್ರ ಬದಲಾದರೆ ಸೋಸುವ ಕೆಲಸವೂ ಬದಲಾಗುತ್ತದೆ.

ಬಿಲ ಎಂದರೆ ಏಡಿ ಎಂದು ಬರೆಯಬೇಡಿ. ಖಾಲಿ ಬಿಲಗಳಿರುತ್ತವೆ, ಒಂದೇ ಬಿಲಕ್ಕೆ ಎರಡು ಬಾಯಿಯೂ ಇರಬಹುದು, ಬೇರೆ ಜಾತಿಯ ಏಡಿಯದ್ದೂ ಆಗಿರಬಹುದು. ಎಣಿಸಿದ್ದು ಬಿಲದ ಬಾಯಿ. ವರದಿಯಲ್ಲೂ ಹಾಗೇ ಇರಲಿ. ಜಾತಿ ಗುರುತಿಸಬೇಕೆಂದರೆ ಚೆನ್ನಾಗಿ ಫೋಟೊ ತೆಗೆದು, ಕೋಡಿಬಾಗದಲ್ಲೇ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ.

ಹಂತ 4: ಯಾವ ನೀರು?

ಹೊಳೆಯ ಮೇಲ್ಪದರದ ನೀರು ತುಂಬಿಕೊಂಡು ಬರುವುದು ಸುಲಭ, ಆದರೆ ಏಡಿ ಬದುಕುವುದು ಆ ನೀರಿನಲ್ಲಲ್ಲ. ಸಿಹಿನೀರು ಹಗುರ, ಮೇಲೆ ಹರಿಯುತ್ತದೆ. ಉಪ್ಪುನೀರು ಅಡಿಯಲ್ಲಿ ಒಳನುಗ್ಗುತ್ತದೆ. ಬಿಲದೊಳಗಿನದು ಇವೆರಡಕ್ಕೂ ಬೇರೆಯಾದ, ಕೆಸರಿನ ಸಂದಿಯಲ್ಲಿ ನಿಂತ ನೀರು. ಬಿಸಿಲಿಗೆ ಮೇಲ್ಮೈ ಒಣಗಿದರೆ ಅದು ಹೊಳೆಯ ನೀರಿಗಿಂತ ಉಪ್ಪಾಗಿರಬಹುದು.

ಆದ್ದರಿಂದ ಎಣಿಕೆ ಮುಗಿದ ಮೇಲೆ ಹಗ್ಗದ ಪಕ್ಕ ಒಂದು ಗೇಣು ಆಳದ ಗುಂಡಿ ತೋಡಿ. ಮೊದಲು ಬಂದ ನೀರನ್ನು ಚೆಲ್ಲಿ, ಮತ್ತೆ ಜಿನುಗಿದ್ದನ್ನು ಹೊಸ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ತೊಳೆದು, ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ; ಮುಚ್ಚಳ ಸಡಿಲವಿದ್ದರೆ ನೀರು ಆವಿಯಾಗಿ ಉಪ್ಪಿನಂಶ ಏರುತ್ತದೆ. ಹೊಳೆಯಂಚಿನದೂ ಒಂದು ಬಾಟಲಿ ಇರಲಿ. ಲೇಬಲ್ಲಿಗೆ ಪೆನ್ಸಿಲ್ಲೇ ಬಳಸಿ, ಪೆನ್ನಿನ ಶಾಯಿ ಬಸ್ಸಿನಲ್ಲೇ ಅಳಿಸಿಹೋಗುತ್ತದೆ. ಅದೇ ಜಾಗದ ಮೇಲ್ಪದರದ ಕೆಸರು ಒಂದು ಮುಷ್ಟಿ, ಬೇರೆ ಕವರಿನಲ್ಲಿ. ಗುಂಡಿ ಮುಚ್ಚಿ ಬನ್ನಿ.

ಹಂತ 5: ಉಪ್ಪು ತೂಗುವುದು

ಇದು ಪ್ರಾಜೆಕ್ಟಿನ ಜೀವಾಳ. ಇಲ್ಲಿ ಅವಸರ ಮಾಡಬಾರದು.

ಅರಬ್ಬೀ ಸಮುದ್ರದ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣ, ಅಂದರೆ 35 ಪಿಪಿಟಿ. ನಮ್ಮ ಉಷ್ಣತೆಯಲ್ಲಿ 1 ಪಿಪಿಟಿ ಹೆಚ್ಚಾದರೆ ನೀರಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 0.00075 ಗ್ರಾಂ ಹೆಚ್ಚುತ್ತದೆ. 50 ಮಿ.ಲೀ ಸಾಂದ್ರತಾ ಬಾಟಲಿಯಲ್ಲಿ (ಬಿರಡೆಯಲ್ಲಿ ಸಣ್ಣ ರಂಧ್ರವಿರುವ ಗಾಜಿನ ಬಾಟಲಿ) ಅದು 0.0375 ಗ್ರಾಂ, ಎಂದರೆ 38 ಮಿಲಿಗ್ರಾಂ ಹತ್ತಿರ. ಕೆಮಿಸ್ಟ್ರಿ ಲ್ಯಾಬಿನ ಡಿಜಿಟಲ್ ತಕ್ಕಡಿ 10 ಮಿಲಿಗ್ರಾಂ ತೋರಿಸಿದರೂ ಇಷ್ಟು ವ್ಯತ್ಯಾಸ ಸಿಕ್ಕುತ್ತದೆ.

ಮೊದಲು ಸ್ಯಾಂಪಲ್ಲನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ. ಲೀಟರಿಗೆ 1 ಗ್ರಾಂ ಕೆಸರು ತೇಲುತ್ತಿದ್ದರೂ ಸಾಂದ್ರತೆ ಏರಿ, ಇಲ್ಲದ 0.8 ಪಿಪಿಟಿ ಉಪ್ಪು ಕಾಣಿಸುತ್ತದೆ. ಆಮೇಲೆ ಎಲ್ಲ ಸ್ಯಾಂಪಲ್ಲುಗಳನ್ನೂ ಒಂದು ಬಾಟಲಿ ಡಿಸ್ಟಿಲ್ಡ್ ವಾಟರನ್ನೂ ಒಂದೇ ಮೇಜಿನ ಮೇಲೆ ರಾತ್ರಿಯಿಡೀ ಬಿಡಿ, ಎಲ್ಲದರ ಉಷ್ಣತೆ ಒಂದಾಗಲಿ. 30 ಡಿಗ್ರಿ ಆಸುಪಾಸಿನಲ್ಲಿ 1 ಡಿಗ್ರಿ ವ್ಯತ್ಯಾಸ 0.4 ಪಿಪಿಟಿಯಷ್ಟು ಮೋಸ ಮಾಡುತ್ತದೆ. ಬಾಟಲಿಯ ಹೊಟ್ಟೆ ಹಿಡಿಯಬೇಡಿ, ಕತ್ತು ಹಿಡಿಯಿರಿ. ಅಂಗೈ ಬಿಸಿಯೇ ಸಾಕು ನೀರು ಬಿರಡೆಯ ರಂಧ್ರದಿಂದ ಉಕ್ಕಲು. ಹೊರಮೈ ಒರೆಸಿ, ಒಳಗೆ ಗುಳ್ಳೆ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ತೂಗಿ. ಪ್ರತಿ ಸ್ಯಾಂಪಲ್ಲನ್ನೂ ಮೂರು ಸಲ ಖಾಲಿ ಮಾಡಿ ತುಂಬಿ ತೂಗಬೇಕು. ಒಂದೇ ಸಲ ತುಂಬಿ ಮೂರು ಸಲ ತೂಗಿದರೆ ಪರೀಕ್ಷೆಯಾಗುವುದು ತಕ್ಕಡಿ, ನಿಮ್ಮ ಕೈಯಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಖಾಲಿ ಬಾಟಲಿ 24.62 ಗ್ರಾಂ, ಡಿಸ್ಟಿಲ್ಡ್ ವಾಟರ್ ತುಂಬಿದಾಗ 74.42, ಸ್ಯಾಂಪಲ್ ತುಂಬಿದಾಗ 75.09. ನೀರಿನ ತೂಕ 49.80, ಸ್ಯಾಂಪಲ್ಲಿನದು 50.47. ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 1.01345. ಒಂದನ್ನು ಕಳೆದು 0.00075ರಿಂದ ಭಾಗಿಸಿ: ಸುಮಾರು 17.9 ಪಿಪಿಟಿ.

ಕ್ಯಾಲ್ಕ್ಯುಲೇಟರ್ 17.933 ಎಂದು ತೋರಿಸುತ್ತದೆ, ಹಾಗೆಯೇ ಬರೆದುಬಿಡಬೇಡಿ. ಇಡೀ ಉತ್ತರ ನಿಂತಿರುವುದು 75.09 ಮತ್ತು 74.42ರ ನಡುವಿನ 0.67 ಗ್ರಾಂ ಮೇಲೆ. ಎರಡು ತೂಕದಲ್ಲೂ 0.01 ಗ್ರಾಂ ಅನಿಶ್ಚಿತತೆ ಇದ್ದರೆ ವ್ಯತ್ಯಾಸದಲ್ಲಿ 0.014; ಅದು 0.4 ಪಿಪಿಟಿ. ಉಷ್ಣತೆಯ 1 ಡಿಗ್ರಿಯಿಂದ ಇನ್ನೊಂದು 0.4. ಹಾಗಾಗಿ ಎರಡು ಜಾಗಗಳ ನಡುವೆ 1 ಪಿಪಿಟಿಗಿಂತ ಕಡಿಮೆ ವ್ಯತ್ಯಾಸ ಬಂದರೆ ‘ಒಂದೇ’ ಎಂದು ಬರೆಯಿರಿ. ಈ ಒಂದು ಸಾಲಿಗಾಗಿಯೇ ಫಿಸಿಕ್ಸ್‌ನವರು ತಂಡದಲ್ಲಿರಬೇಕು. ಏಡಿಯ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

1 ಮಿಲಿಗ್ರಾಂ ತಕ್ಕಡಿ ಸಿಕ್ಕಿತು ಎಂದು ಹಿಗ್ಗಬೇಡಿ. ಆಗ ತೂಕದ ದೋಷ 0.04ಕ್ಕೆ ಇಳಿಯುತ್ತದೆ, ನಿಜ. ಆದರೆ ಆ ಲಾಭ ಪಡೆಯಲು ಉಷ್ಣತೆಯನ್ನು 0.1 ಡಿಗ್ರಿಯೊಳಗೆ ಹಿಡಿದಿಡಬೇಕು. ಫ್ಯಾನ್ ತಿರುಗುವ, ಕಿಟಕಿ ತೆರೆದ ಲ್ಯಾಬಿನಲ್ಲಿ ಅದು ಆಗದ ಮಾತು.

ಹಂತ 6: ಟೊಳ್ಳು ಪ್ರಿಸಂನಿಂದ ತಾಳೆ

ಒಂದೇ ವಿಧಾನದ ಉತ್ತರವನ್ನು ನಂಬುವುದು ಕಷ್ಟ. ಉಪ್ಪು ಹೆಚ್ಚಿದರೆ ವಕ್ರೀಭವನ ಸೂಚ್ಯಂಕವೂ ಏರುತ್ತದೆ: ಸಿಹಿನೀರಿಗೆ 1.3330, ಸಮುದ್ರದ ನೀರಿಗೆ 1.3394. 60 ಡಿಗ್ರಿಯ ಟೊಳ್ಳು ಪ್ರಿಸಂನಲ್ಲಿ ಸೋಸಿದ ನೀರು ತುಂಬಿ, ಸ್ಪೆಕ್ಟ್ರೋಮೀಟರಿನ ಮೇಲಿಟ್ಟು, ಸೋಡಿಯಂ ದೀಪದಲ್ಲಿ ಕನಿಷ್ಠ ವಿಚಲನಾ ಕೋನ (ಬೆಳಕು ಅತಿ ಕಡಿಮೆ ಬಾಗುವ ಕೋನ) ಓದಿ. ಸಿಹಿನೀರಿಗೆ ಸುಮಾರು 23 ಡಿಗ್ರಿ 36 ಮಿನಿಟು, ಸಮುದ್ರದ ನೀರಿಗೆ 24 ಡಿಗ್ರಿ 5 ಮಿನಿಟು. ಇಡೀ 35 ಪಿಪಿಟಿ ಹರಡಿರುವುದು ಅರ್ಧ ಡಿಗ್ರಿಯೊಳಗೆ. ನಿಮ್ಮ ವರ್ನಿಯರಿನ ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತೆ) 1 ಮಿನಿಟು ಆದರೆ ಒಂದು ಗೆರೆಗೆ 1.2 ಪಿಪಿಟಿ. ನೇರ ಓದು, ಬಾಗಿದ ಓದು ಎರಡರ ದೋಷವೂ ಕೂಡುವುದರಿಂದ 2 ಪಿಪಿಟಿಗಿಂತ ನುಣ್ಣಗೆ ಹೇಳಲು ಬರುವುದಿಲ್ಲ.

ಬಾಟಲಿಯಷ್ಟು ಸೂಕ್ಷ್ಮವಲ್ಲ, ಆದರೂ ಮಾಡಿ. ಎರಡು ವಿಧಾನಗಳು ಪರಸ್ಪರ 2 ಪಿಪಿಟಿಯೊಳಗೆ ಬಂದರೆ ಧೈರ್ಯ ಬರುತ್ತದೆ. ಐದಾರು ಪಿಪಿಟಿ ದೂರ ಹೋದರೆ ಲೇಬಲ್ ಅದಲುಬದಲಾಗಿದೆಯೆ, ಪ್ರಿಸಂನಲ್ಲಿ ಹಿಂದಿನ ಸ್ಯಾಂಪಲ್ ಉಳಿದಿದೆಯೆ ಎಂದು ಹುಡುಕಿ. ಸೋಡಿಯಂ ದೀಪದ ಎದುರು ಪ್ರಿಸಂನ್ನು ಬಹಳ ಹೊತ್ತು ಬಿಡಬೇಡಿ, ನೀರು ಬಿಸಿಯಾಗುತ್ತದೆ.

ಹಂತ 7: ಕೆಸರಿಗೆ ಸ್ಟೋಕ್ಸ್

ಹರಳೆಣ್ಣೆಯಲ್ಲಿ ಗುಂಡು ಬಿಟ್ಟು ಸ್ನಿಗ್ಧತೆ ಕಂಡುಹಿಡಿದ ಪ್ರಯೋಗ ನೆನಪಿದೆಯಲ್ಲ? ಬೀಳುವ ಗುಂಡಿನ ವೇಗ, ಗಾತ್ರ, ದ್ರವದ ಸ್ನಿಗ್ಧತೆ ಇವುಗಳ ನಂಟು ಹೇಳುವ ಸ್ಟೋಕ್ಸ್ ನಿಯಮ ಅಲ್ಲಿತ್ತು. ಅದನ್ನೇ ತಿರುಗಿಸುವುದು. ಸ್ನಿಗ್ಧತೆ ಗೊತ್ತಿದೆ, ಬೀಳುವ ವೇಗದಿಂದ ಕಣದ ಗಾತ್ರ ತಿಳಿಯಬೇಕು. ಮರಳು ಮತ್ತು ಹೂಳಿನ ನಡುವಿನ ಗಡಿ 0.063 ಮಿ.ಮೀ ವ್ಯಾಸ. 30 ಡಿಗ್ರಿಯ ನೀರಿನಲ್ಲಿ ಆ ಗಾತ್ರದ ಕಣ ಸೆಕೆಂಡಿಗೆ ಸುಮಾರು 4.4 ಮಿ.ಮೀ ಇಳಿಯುತ್ತದೆ, ಅಂದರೆ 20 ಸೆಂ.ಮೀ ಇಳಿಯಲು 45 ಸೆಕೆಂಡು.

ಕೆಸರನ್ನು ಮೊದಲು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಪ್ರತಿ ಸಲವೂ ಪೂರ್ತಿ ತಿಳಿಯಾಗುವವರೆಗೆ ಕಾದು, ಮೇಲಿನ ತಿಳಿನೀರು ಮಾತ್ರ ತೆಗೆಯಿರಿ. ಉಪ್ಪಿದ್ದರೆ ಜೇಡಿಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಕಣದಂತೆ ಬೇಗ ಬೀಳುತ್ತವೆ, ಲೆಕ್ಕ ಕೆಡುತ್ತದೆ. ನಂತರ ಅಳತೆ ಜಾಡಿಯಲ್ಲಿ 20 ಸೆಂ.ಮೀ ಎತ್ತರಕ್ಕೆ ನೀರು ಹಾಕಿ, ಬಾಯಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ ಇಡಿ. 45 ಸೆಕೆಂಡಾದ ತಕ್ಷಣ ಮೇಲಿನ ರಾಡಿ ನೀರನ್ನು ಬಕೆಟ್ಟಿಗೆ ಬಗ್ಗಿಸಿ. ಮತ್ತೆ ನೀರು ತುಂಬಿ ಅಲ್ಲಾಡಿಸಿ, 45 ಸೆಕೆಂಡಿಗೆ ಬಗ್ಗಿಸಿ. ಮೇಲಿನ ನೀರು ತಿಳಿಯಾಗುವವರೆಗೆ ಹೀಗೇ. ತಳದಲ್ಲಿ ಉಳಿದದ್ದು ಮರಳು, ಬಕೆಟ್ಟಿನದು ಹೂಳು ಮತ್ತು ಜೇಡಿ. ಬಕೆಟ್ಟು ತಿಳಿಯಾಗಲು ಒಂದೆರಡು ದಿನ ಬಿಡಿ. ಎರಡನ್ನೂ ಒಣಗಿಸಿ ತೂಗಿದರೆ ಮರಳಿನ ಶೇಕಡಾವಾರು ಸಿಕ್ಕಿತು. ಕೆಲಸ ಬೇಸರ ತರಿಸುತ್ತದೆ, ಆದರೆ ಕಷ್ಟವಲ್ಲ.

ಹಂತ 8: ಅಂಕಿಗಳನ್ನು ಎದುರುಬದುರು ಇಡುವುದು

ಒಂದು ತುಂಡು ನೆಲದ ಐದು ಕ್ವಾಡ್ರಟ್‌ಗಳಲ್ಲಿ 14, 9, 22, 11, 17 ಬಿಲ ಸಿಕ್ಕಿತೆಂದುಕೊಳ್ಳಿ. ಸರಾಸರಿ 14.6, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 5.1, ಅದನ್ನು ಐದರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿಯ ಅನಿಶ್ಚಿತತೆ) 2.3. ಚೌಕ ಕಾಲು ಚದರ ಮೀಟರ್ ಆದ್ದರಿಂದ ನಾಲ್ಕರಿಂದ ಗುಣಿಸಿ: ಚದರ ಮೀಟರಿಗೆ 58, ಹೆಚ್ಚುಕಡಿಮೆ 9.

ಈಗ ಎರಡು ಗ್ರಾಫ್. ಒಂದರಲ್ಲಿ ಬಿಲಗಳಿಗೆ ಎದುರಾಗಿ ಉಪ್ಪು, ಇನ್ನೊಂದರಲ್ಲಿ ಬಿಲಗಳಿಗೆ ಎದುರಾಗಿ ಮರಳಿನ ಶೇಕಡಾ. ಆರು ಚುಕ್ಕೆಗಳು, ಪ್ರತಿ ಚುಕ್ಕೆಗೂ ಮೇಲೆ ಕೆಳಗೆ ದೋಷದ ಗೆರೆ. ಒಂದೇ ಜಾಗದ ಎರಡು ಚುಕ್ಕೆಗಳನ್ನು ಪೆನ್ಸಿಲಿನಿಂದ ಜೋಡಿಸಿ ನೋಡಿ. ಉಪ್ಪು ಒಂದೇ ಇದ್ದೂ ಕೆಸರು ತುಂಡಿನಲ್ಲಿ ಬಿಲ ಜಾಸ್ತಿ, ಮರಳು ತುಂಡಿನಲ್ಲಿ ಕಡಿಮೆ, ಇದೇ ರೀತಿ ಮೂರೂ ಜಾಗದಲ್ಲಿ ಬಂದರೆ ನೆಲದ ಪಾತ್ರ ದೊಡ್ಡದು ಎನ್ನಬಹುದು. ಜೋಡಿ ಚುಕ್ಕೆಗಳು ಒಂದರ ಪಕ್ಕ ಒಂದಿದ್ದು, ಜಾಗದಿಂದ ಜಾಗಕ್ಕೆ ಮಾತ್ರ ಜಿಗಿದರೆ ಉಪ್ಪಿನ ಕಡೆ ನೋಡಿ. ದೋಷದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದರೆ ‘ಈ ಅಳತೆಯಿಂದ ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆಯಿರಿ. ಅದಕ್ಕೆ ಅಂಕ ಕಡಿಮೆಯಾಗುತ್ತದೆ ಎಂಬ ಭಯದಿಂದ ಒಂದು ಕ್ವಾಡ್ರಟ್ಟಿನ ಸಂಖ್ಯೆ ತಿದ್ದುವವರಿದ್ದಾರೆ; ಅನುಭವವಿರುವ ಪರೀಕ್ಷಕರ ಕಣ್ಣಿಗೆ ತೀರಾ ಅಂದವಾದ ಅಂಕಿಗಳೇ ಮೊದಲು ಬೀಳುತ್ತವೆ.

ಫಿಡ್ಲರ್ ಏಡಿಗಳು ಉಪ್ಪಿನ ಏರಿಳಿತವನ್ನು ಸಾಕಷ್ಟು ತಡೆದುಕೊಳ್ಳಬಲ್ಲವು, ದೇಹದ್ರವದ ಉಪ್ಪನ್ನು ಹೊರಗಿನದರಿಂದ ಬೇರೆಯಾಗಿ ಕಾಯ್ದುಕೊಳ್ಳುತ್ತವೆ. ಚರ್ಚೆಯ ಅಧ್ಯಾಯದಲ್ಲಿ ಸಿಬಿಝೆಡ್‌ನವರು ಇದನ್ನು ವಿಸ್ತರಿಸಲಿ. ಪಠ್ಯದ ಆಸ್ಮೊರೆಗ್ಯುಲೇಷನ್ ಪಾಠಕ್ಕೆ ಇಲ್ಲಿ ನಿಜವಾದ ಕೆಲಸ ಸಿಗುತ್ತದೆ.

ಹಂತ 9: ವರದಿ ಮತ್ತು ವೈವಾ

ವರದಿ ಮೂವತ್ತು ಪುಟ ದಾಟಬೇಕಿಲ್ಲ. ಕಾರವಾರದ ಇತಿಹಾಸ, ಪ್ರಕೃತಿ ಸೌಂದರ್ಯದ ವರ್ಣನೆ ಬೇಡ. ಕೆಸರು ಮೆತ್ತಿದ ಫೀಲ್ಡ್ ನೋಟ್‌ಬುಕ್ಕನ್ನು ಚಂದ ಮಾಡಿ ನಕಲು ಬರೆದು ಬಿಸಾಡಬೇಡಿ, ಅದನ್ನೇ ಅನುಬಂಧವಾಗಿ ಸೇರಿಸಿ.

ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ತಂಡದವರು ಒಬ್ಬರ ಭಾಗವನ್ನು ಇನ್ನೊಬ್ಬರು ಹೇಳಿ ಅಭ್ಯಾಸ ಮಾಡಬೇಕು. ಪಿಸಿಎಂನವರಿಗೆ ಬರುವ ಪ್ರಶ್ನೆ: ಗಂಡು ಏಡಿಗೆ ಒಂದೇ ಕೈ ಯಾಕೆ ದೊಡ್ಡದು, ಬಿಲದ ಸಂಖ್ಯೆ ಏಡಿಯ ಸಂಖ್ಯೆ ಯಾಕಲ್ಲ. ಸಿಬಿಝೆಡ್‌ನವರಿಗೆ: ಸಾಂದ್ರತಾ ಬಾಟಲಿಯ ಬಿರಡೆಯಲ್ಲಿ ರಂಧ್ರ ಯಾಕೆ, ದಪ್ಪ ಮರಳಿಗೆ ಸ್ಟೋಕ್ಸ್ ನಿಯಮ ಯಾಕೆ ನಡೆಯುವುದಿಲ್ಲ. ಮೊದಲನೆಯದಕ್ಕೆ ಉತ್ತರ: ಹೆಚ್ಚಿನ ನೀರು ಹೊರಗೆ ಹೋಗಿ ಪ್ರತಿ ಸಲವೂ ಅಷ್ಟೇ ಗಾತ್ರ ಉಳಿಯಲಿ ಎಂದು. ಎರಡನೆಯದಕ್ಕೆ: ದೊಡ್ಡ ಕಣ ವೇಗವಾಗಿ ಬೀಳುವಾಗ ಸುತ್ತಲ ನೀರಿನ ಹರಿವು ನಯವಾಗಿ ಉಳಿಯುವುದಿಲ್ಲ, ಹರಿವು ಎಷ್ಟು ನಯ ಎಂಬುದನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಒಂದನ್ನು ದಾಟುತ್ತದೆ, 0.063 ಮಿ.ಮೀ ಕಣಕ್ಕೆ ಅದು 0.35ರ ಹತ್ತಿರ ಇರುವುದರಿಂದ ನಮ್ಮ 45 ಸೆಕೆಂಡಿನ ಲೆಕ್ಕ ನಿಲ್ಲುತ್ತದೆ.